ಲೊಂಬಾರ್ಡರ ಇತಿಹಾಸಕಾರನಾದ ಪೌಲನೂ ಅವನ ಆಧಾರಗಳೂ

ಇತಿಹಾಸಗ್ರಂಥವನ್ನು ಓದತೊಡಗಿದವನು, ಅದರಲ್ಲಿ ಹೇಳಿರುವ ಸಂಗತಿಗಳು ಗ್ರಂಥಕರ್ತನಿಗೆ ಯಾವ ದಾರಿಯಿಂದ ತಿಳಿದುವೆಂಬುದನ್ನು ಮೊದಲು ವಿಚಾರಿಸಬೇಕು. ಭಾರತೀಯ ಧರ್ಮಶಾಸ್ತ್ರಕಾರರು ವ್ಯವಹಾರನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಪ್ರಮಾಣಗಳೆಂದು ಹೇಳಿದರು. ಪೌರಾಣಿಕರು ಐತಿಹ್ಯವನ್ನೂ, ಎಂದರೆ ಮೊದಲು ಹೇಳಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತನ್ನೂ, ಪ್ರಮಾಣಗಳ ಸಾಲಿಗೆ ಸೇರಿಸಿದರು. ನೈಯಾಯಿಕರು ಅದಕ್ಕೆ ಪ್ರತ್ಯೇಕಸ್ಥಾನವನ್ನು ಕೊಡಲೊಪ್ಪದೆ ಶಬ್ದಪ್ರಮಾಣದಲ್ಲಿಯೇ ಅಡಗಿಸಿದರು. ಈ ವಿವಾದವು ಶಾಸ್ತ್ರಶಾಲೆಯೊಳಗೇ ಮುಗಿದುಹೋಗತಕ್ಕುದಲ್ಲ. ಪತ್ರವಿಲ್ಲದ ಕಡೆ, ಕಂಡವರೂ ಉಳಿದಿಲ್ಲದ ಕಡೆ, ಜನರ ನಾಲಗೆಯ ಮೇಲೆ ಕಥೆಯೊಂದೇ ನಿಂತಿರುವಾಗ ಇತಿಹಾಸಕಾರನು ಏನು ಮಾಡಬೇಕು? ಅದನ್ನು ಬಿಟ್ಟುಬಿಡಬೇಕೆ? ನಂಬಿ ಬರೆಯಬೇಕೆ? ೧೨೦೦ ವರ್ಷಗಳಿಗೂ ಹಿಂದೆ ಇಟಲಿಯ ಮಠವೊಂದರಲ್ಲಿ ಕುಳಿತು ತನ್ನ ಜನಾಂಗದ ಚರಿತ್ರೆಯನ್ನು ಬರೆದ ಪೌಲನೆಂಬ ಸನ್ಯಾಸಿಯು ಈ ತೊಡಕನ್ನು ತನ್ನದೇ ರೀತಿಯಲ್ಲಿ ಬಿಡಿಸಿದನು. ಆ ರೀತಿಯು ಪರಿಶೀಲನಾರ್ಹವಾಗಿದೆ.

ಪೌಲನು ಈಶಾನ್ಯ ಇಟಲಿಯ ಫ್ರಿಯೂಲಿ ಸೀಮೆಯ ಲೊಂಬಾರ್ಡ್ ಕುಲೀನರ ಮನೆಯಲ್ಲಿ, ಕ್ರಿ. ಶ. ೭೨೦-೩೦ರ ನಡುವೆ ಹುಟ್ಟಿದನು. ಲೊಂಬಾರ್ಡರು ಉತ್ತರದಿಂದ ಬಂದ ಜರ್ಮಾನಿಕ ಜನಾಂಗದವರು; ಕ್ರಿ. ಶ. ೫೬೮ರಲ್ಲಿ ಅಲ್ಬೋಯಿನ್ ರಾಜನ ಹಿಂದೆ ಇಟಲಿಯನ್ನು ಹೊಕ್ಕು, ಪವೀಯಾ ನಗರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು, ೨೦೦ ವರ್ಷಗಳ ಕಾಲ ಆಳಿದವರು. ಪೌಲನು ಆ ರಾಜಧಾನಿಯಲ್ಲಿ ಫ್ಲಾವಿಯಾನಸ್ ಎಂಬ ವೈಯಾಕರಣನಲ್ಲಿ ವಿದ್ಯೆ ಕಲಿತು, ರಾತ್ಕಿಸ್ ರಾಜನ ಆಸ್ಥಾನವನ್ನು ಕಂಡು, ಮುಂದೆ ದೇಸಿದೇರಿಯಸ್ ರಾಜನ ಮಗಳೂ ಬೆನೆವೆಂಟೊ ಪ್ರಭುವಿನ ಪತ್ನಿಯೂ ಆದ ಅದೆಲ್ಪೆರ್ಗಾ ಎಂಬ ವಿದುಷಿಗಾಗಿ ರೋಮಿನ ಚರಿತ್ರೆಯೊಂದನ್ನು ರಚಿಸಿದನು. ಕ್ರಿ. ಶ. ೭೭೪ರಲ್ಲಿ ಫ್ರಾಂಕರ ಅರಸನಾದ ಷಾರ್ಲಮೇನನು ಪವೀಯಾ ನಗರವನ್ನು ಹಿಡಿದು ಲೊಂಬಾರ್ಡ್ ರಾಜ್ಯವನ್ನು ಮುಗಿಸಿದನು. ಪೌಲನು ರೋಮಿಗೂ ನೇಪಲ್ಸಿಗೂ ನಡುವೆ ಬೆಟ್ಟದ ಮೇಲಿರುವ ಮೊಂಟೆ ಕಸ್ಸೀನೊ ಮಠದ ಸನ್ಯಾಸಿಯಾದನು. ಸಂತ ಬೆನೆಡಿಕ್ಟನು ಸ್ಥಾಪಿಸಿದ ಆ ಮಠವು ಪಾಶ್ಚಾತ್ಯ ಸನ್ಯಾಸಿಸಂಪ್ರದಾಯಕ್ಕೆ ತವರುಮನೆಯೆನ್ನಿಸಿದುದು. ಕ್ರೈಸ್ತ ಪುರೋಹಿತವರ್ಗದಲ್ಲಿ ಅವನಿಗಿದ್ದ ಪದವಿಯಿಂದ ‘ಡೀಕನ್ ಪೌಲ’ನೆಂದೇ ಅವನು ಪ್ರಸಿದ್ಧನು. ಜೀವಿತದ ಕಡೆಯ ಭಾಗದಲ್ಲಿ, ಸುಮಾರು ಕ್ರಿ. ಶ. ೭೮೭ರಿಂದ ಈಚೆಗೆ, ಅವನು ಆ ಮಠದಲ್ಲಿ ಕುಳಿತು ‘ಲೊಂಬಾರ್ಡರ ಇತಿಹಾಸ’ವನ್ನು ಆರು ಕಾಂಡಗಳಲ್ಲಿ ಬರೆದನು. ನೂರಕ್ಕೂ ಮಿಕ್ಕ ಹಸ್ತಪ್ರತಿಗಳು ಉಳಿದಿರುವುದರಿಂದ, ಮಧ್ಯಯುಗದ ಯೂರೋಪು ಆ ಗ್ರಂಥವನ್ನು ಎಷ್ಟು ಆದರದಿಂದ ಓದಿತೆಂಬುದನ್ನು ಊಹಿಸಬಹುದು.

ಆಧುನಿಕ ವಿಮರ್ಶಕರು ಪೌಲನನ್ನು ಎರಡು ಬಗೆಯಾಗಿ ಕಂಡಿರುವರು. ೧೮೭೮ರಲ್ಲಿ ವೈಟ್ಸ್ ಎಂಬ ಜರ್ಮನ್ ಪಂಡಿತನ ಕೈಯಿಂದ ಅವನ ಗ್ರಂಥದ ಪರಿಷ್ಕೃತ ಮುದ್ರಣವು ಹೊರಬಂದಿತು. ಎರಡು ವರ್ಷಗಳ ಮೇಲೆ, ರೋಮಿನ ಇತಿಹಾಸದಲ್ಲಿ ಮಹಾಪಂಡಿತನಾದ ಮೊಮ್ಸೆನನು ಆ ಗ್ರಂಥದ ಮೂಲಗಳನ್ನು ಕುರಿತು ಪ್ರಬಂಧವೊಂದನ್ನು ಬರೆದನು. ಈ ಮಾರ್ಗದವರ ಕಣ್ಣಿಗೆ ಪೌಲನ ಗ್ರಂಥವು ಹಳೆಯ ಕಣಜದಂತೆ. ಅದರೊಳಗೆ ಯಾವ ಯಾವ ನಷ್ಟಗ್ರಂಥಗಳ ಕಾಳುಗಳಿವೆಯೆಂದು ಆರಿಸಿ ತೆಗೆಯುವುದೇ ಅವರ ಮುಖ್ಯ ಕಾರ್ಯವು. ಇದಕ್ಕೆ ಪ್ರತಿಯಾಗಿ ಗೊಫಾರ್ಟ್ ಎಂಬ ವಿದ್ವಾಂಸನು ೧೯೮೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೌಲನು ಸಾಮಗ್ರಿಯನ್ನು ಸುಮ್ಮನೆ ಗುಡ್ಡೆಹಾಕಿದ ಸಂಗ್ರಾಹಕನಲ್ಲವೆಂದೂ, ನಿಶ್ಚಿತವಾದ ಉದ್ದೇಶದಿಂದ ಕಥನವನ್ನು ಕಟ್ಟಿದ ಗ್ರಂಥಕರ್ತನೆಂದೂ ಪ್ರತಿಪಾದಿಸಿದನು. ಮೊದಲನೆಯ ಪಕ್ಷದಲ್ಲಿ ಕವಿಯು ಮರೆಯಾಗುತ್ತಾನೆ. ಎರಡನೆಯದನ್ನು ಅತಿಯಾಗಿ ಎಳೆದರೆ ಸಾಕ್ಷಿಯು ಮರೆಯಾಗುತ್ತಾನೆ. ಆಧಾರಗಳನ್ನು ಪೌಲನು ಬಳಸಿಕೊಂಡ ಬಗೆಯನ್ನು ಒಂದೊಂದಾಗಿ ನೋಡಿದರೆ ಈ ಎರಡು ಪಕ್ಷಗಳಿಗೂ ನಡುವೆ ಇನ್ನೊಂದು ಗುಣವು ಕಾಣುವುದು: ಯಾವ ಮಾತು ಯಾವ ತೂಕದ್ದೆಂದು ಓದುಗನಿಗೆ ತಿಳಿಸುವ ಪ್ರಾಮಾಣಿಕತೆ.

ಲಿಖಿತಾಧಾರಗಳನ್ನು ಮೊದಲು ತೆಗೆದುಕೊಳ್ಳಬಹುದು. ಲೊಂಬಾರ್ಡರ ಮೂಲವನ್ನು ಹೇಳುವ ಚಿಕ್ಕದೊಂದು ಲ್ಯಾಟಿನ್ ಕೃತಿ ಏಳನೆಯ ಶತಮಾನದಲ್ಲಿ ಹುಟ್ಟಿ, ರೋತಾರಿ ರಾಜನು ಕ್ರಿ. ಶ. ೬೪೩ರಲ್ಲಿ ಹೊರಡಿಸಿದ ಶಾಸನಸಂಹಿತೆಯ ಪ್ರತಿಗಳೊಡನೆ ಉಳಿದುಬಂದಿದೆ. ಅದು ಪೌಲನ ಮೊದಲ ಕಾಂಡಕ್ಕೆ ಬೆನ್ನೆಲುಬು. ವಾಕೋ ಎಂಬ ಪೂರ್ವರಾಜನು ಸ್ವಾಬಿಯನರನ್ನು ಗೆದ್ದ ಸಂಗತಿಯನ್ನು ಹೇಳುವಲ್ಲಿ, ಯಾವನಾದರೂ ಇದನ್ನು ಸುಳ್ಳೆಂದು ಭಾವಿಸಿದರೆ ಅವನು ರೋತಾರಿಯ ಶಾಸನದ ಪೀಠಿಕೆಯನ್ನು ಓದಿಕೊಳ್ಳಲಿ, ಹೆಚ್ಚುಕಡಮೆ ಎಲ್ಲ ಪ್ರತಿಗಳಲ್ಲಿಯೂ ಅದು ಇದೆ, ಎಂದು ಪೌಲನು ಸವಾಲು ಹಾಕುತ್ತಾನೆ. ಒಂದು ಪ್ರತಿಯನ್ನು ಕಂಡು ತೃಪ್ತನಾಗದೆ ಅನೇಕ ಪ್ರತಿಗಳನ್ನು ನೋಡಿದವನ ಮಾತಿದು. ಹೀಗೆ ನಂಬಿದ ಮೂಲವನ್ನೇ ಅವನು ಕುರುಡಾಗಿ ಅನುಸರಿಸಿದನೆನ್ನಲಾಗದು. ಕ್ಲೆಫ್ ರಾಜನು ಕ್ರಿ. ಶ. ೫೭೪ರಲ್ಲಿ ಕೊಲೆಯಾದ ಮೇಲೆ ಲೊಂಬಾರ್ಡರಿಗೆ ಕೆಲವು ಕಾಲ ರಾಜನೇ ಇರಲಿಲ್ಲ; ನಗರಕ್ಕೊಬ್ಬ ನಾಯಕನು ಆಳುತ್ತಿದ್ದನು. ಮೂಲಕೃತಿಯು ಆ ಅರಾಜಕಾವಧಿಯನ್ನು ೧೨ ವರ್ಷವೆನ್ನುತ್ತದೆ. ಪೌಲನು ೧೦ ವರ್ಷವೆನ್ನುತ್ತಾನೆ. ಔತಾರಿಯು ಕ್ರಿ. ಶ. ೫೮೪ರಲ್ಲಿ ಸಿಂಹಾಸನವನ್ನೇರಿದುದರಿಂದ ಪೌಲನ ಲೆಕ್ಕವೇ ಸರಿ.

ಆದರೆ ಲಿಖಿತಾಧಾರಗಳಲ್ಲಿ ಅತ್ಯಂತ ಬೆಲೆಯುಳ್ಳದು ಇಂದು ಇಲ್ಲದುದು. ಟ್ರೆಂಟ್ ನಗರದ ಸೆಕುಂದಸ್ ಎಂಬ ಸನ್ಯಾಸಿಯು ರಾಣಿ ತೆಯೋದೆಲಿಂದೆಯ ಆಪ್ತನಾಗಿದ್ದು, ಅವಳ ಮಗನಿಗೆ ಜ್ಞಾನಸ್ನಾನವನ್ನು ಮಾಡಿಸಿ, ಕ್ರಿ. ಶ. ೬೧೨ರಲ್ಲಿ ತೀರಿಕೊಂಡನು. ಲೊಂಬಾರ್ಡರ ಕಾರ್ಯಗಳನ್ನು ಕುರಿತು ಅವನು ಬರೆದ ಚಿಕ್ಕ ಇತಿಹಾಸವು ಕಾಲಗರ್ಭದಲ್ಲಿ ಲೀನವಾಗಿದೆ. ಪೌಲನು ಹೆಸರು ಹೇಳದಿದ್ದರೆ ಅಂಥ ಗ್ರಂಥವೊಂದಿತ್ತೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಸರು ಹೇಳಿದ ಸಂದರ್ಭವೊಂದು ಗಮನಿಸತಕ್ಕುದು. ಔತಾರಿಯ ಕಾಲದಲ್ಲಿ ಲೊಂಬಾರ್ಡರು ಫ್ರಾಂಕರ ಸೇನೆಯನ್ನು ಭಯಂಕರವಾಗಿ ಸೋಲಿಸಿದರು. ಈ ಸೋಲನ್ನು ಫ್ರಾಂಕರ ಕಡೆಯ ಇತಿಹಾಸಕಾರನಾದ ತೂರ್ ನಗರದ ಗ್ರೆಗೊರಿಯೇ ಒಪ್ಪಿ ಬರೆದಿದ್ದಾನೆ. ಲೊಂಬಾರ್ಡರ ನಡುವೆಯೇ ಇದ್ದ ಸೆಕುಂದಸನು ಮಾತ್ರ ಸುಮ್ಮನಿದ್ದಾನೆ. ಇಷ್ಟು ದೊಡ್ಡ ವಿಜಯವನ್ನು ಸೆಕುಂದಸನು ಏಕೆ ಬಿಟ್ಟನೋ ಆಶ್ಚರ್ಯವಾಗಿದೆಯೆಂದೂ, ಸೋತವರ ಇತಿಹಾಸದಲ್ಲಿಯೇ ಅದು ಹೆಚ್ಚುಕಡಮೆ ಇದೇ ಮಾತುಗಳಲ್ಲಿ ಇದೆಯೆಂದೂ ಪೌಲನು ಬರೆಯುತ್ತಾನೆ. ಎರಡು ಗ್ರಂಥಗಳನ್ನು ಎದುರೆದುರಿಗೆ ಇಟ್ಟುಕೊಂಡು, ಒಂದರ ಮಾತಿಗೆ ಇನ್ನೊಂದರ ಮೌನವನ್ನು ಹೋಲಿಸಿ ನೋಡುವ ಈ ಪದ್ಧತಿಯು ಎಂಟನೆಯ ಶತಮಾನದ ಸನ್ಯಾಸಿಯಲ್ಲಿ ಕಾಣುವುದು ಅಪೂರ್ವ. ಸೋತವನೇ ಒಪ್ಪಿಕೊಂಡ ಸೋಲು ಗೆದ್ದವನ ಹೊಗಳಿಕೆಗಿಂತ ಬಲವಾದ ಪ್ರಮಾಣವೆಂಬುದನ್ನು ಅವನು ಅರಿತಿದ್ದನು.

ಇಲ್ಲಿ ಸಂಸ್ಕೃತಜ್ಞರಿಗೆ ಕಲ್ಹಣನ ನೆನಪು ಬಾರದಿರದು. ಪೌಲನಿಗೆ ಮೂರೂವರೆ ಶತಮಾನಗಳಷ್ಟು ಈಚಿನವನಾದ ಆ ಕಾಶ್ಮೀರಕವಿಯು, ‘ರಾಜತರಂಗಿಣಿ’ಯನ್ನು ರಚಿಸುವ ಮುನ್ನ ೧೧ ಪೂರ್ವಗ್ರಂಥಗಳನ್ನೂ ನೀಲಮತಪುರಾಣವನ್ನೂ ನೋಡಿದುದಾಗಿಯೂ, ದೇವಾಲಯಪ್ರತಿಷ್ಠೆಯ ಮತ್ತು ದಾನದ ಶಾಸನಗಳನ್ನು ಪರಿಶೀಲಿಸಿದುದಾಗಿಯೂ ಹೇಳಿಕೊಂಡಿದ್ದಾನೆ. ಕ್ಷೇಮೇಂದ್ರನ ‘ನೃಪಾವಲಿ’ಯಲ್ಲಿ ಕಾವ್ಯಗುಣವಿದ್ದರೂ ಎಚ್ಚರಗೇಡಿತನದಿಂದ ದೋಷಗಳು ಸೇರಿವೆಯೆಂದು ಅವನು ಆಕ್ಷೇಪಿಸಿದನು. ಇಂದು ಆ ‘ನೃಪಾವಲಿ’ಯೂ ಇಲ್ಲ, ಸೆಕುಂದಸನ ಇತಿಹಾಸವೂ ಇಲ್ಲ. ಇವರಿಬ್ಬರೂ ಒಬ್ಬರನ್ನೊಬ್ಬರು ಅರಿಯದವರು. ಆದರೂ ಹಿಂದಿನವನ ಹೆಸರನ್ನು ಹೇಳಿ ಅವನ ಕೊರತೆಯನ್ನೂ ತೋರಿಸುವ ನಡತೆಯಲ್ಲಿ ಸಮಾನರು. ವ್ಯತ್ಯಾಸವೂ ಉಂಟು. ಕಲ್ಹಣನು ತನ್ನ ಆಧಾರಗಳನ್ನು ಗ್ರಂಥದ ಮೊದಲಿನಲ್ಲಿಯೇ ಪಟ್ಟಿಮಾಡಿ ಮುಂದೆ ನಡೆದನು. ಪೌಲನು ಪೀಠಿಕೆಯನ್ನೇ ಬರೆಯದೆ, ಸಂದೇಹ ಬರುವ ಸ್ಥಳದಲ್ಲಿ ಮಾತ್ರ ನಿಂತು, ಆಧಾರವನ್ನು ಹೇಳಿ ಮುಂದುವರಿದನು.

ಇನ್ನು ಸಾಕ್ಷಿಪ್ರಮಾಣ. ತಾನು ಕಣ್ಣಾರೆ ಕಂಡುದನ್ನು ಪೌಲನು ಬೇರೆಯಾಗಿ ಗುರುತಿಸುತ್ತಾನೆ. ಅಲ್ಬೋಯಿನನು ಗೆಪಿದರ ಅರಸನಾದ ಕುನಿಮುಂದನನ್ನು ಕೊಂದು, ಅವನ ತಲೆಬುರುಡೆಯಿಂದ ಪಾನಪಾತ್ರೆಯನ್ನು ಮಾಡಿಸಿ, ಅವನ ಮಗಳಾದ ರೋಸೆಮುಂದೆಯನ್ನೇ ಮದುವೆಯಾಗಿ, ಔತಣವೊಂದರಲ್ಲಿ ಅವಳಿಗೆ ಆ ಪಾತ್ರೆಯಲ್ಲಿ ಕುಡಿಯಲು ಹೇಳಿದನೆಂಬುದೂ, ಆ ದ್ವೇಷದಿಂದ ಅವಳು ಗಂಡನನ್ನು ಕೊಲ್ಲಿಸಿದಳೆಂಬುದೂ ಯೂರೋಪಿನಲ್ಲಿ ಪ್ರಸಿದ್ಧವಾದ ಕಥೆ. ಕೇಳಿದವರು ಇದನ್ನು ಕಟ್ಟುಕಥೆಯೆಂದಾರೆಂದು ಪೌಲನಿಗೆ ಗೊತ್ತು. ಆದುದರಿಂದ ಅವನು ಕ್ರಿಸ್ತನ ಹೆಸರಿನಲ್ಲಿ ಆಣೆಯಿಟ್ಟು, ಹಬ್ಬದ ದಿನವೊಂದರಲ್ಲಿ ರಾತ್ಕಿಸ್ ರಾಜನು ಆ ಪಾತ್ರೆಯನ್ನು ಕೈಯಲ್ಲಿ ಹಿಡಿದು ಅತಿಥಿಗಳಿಗೆ ತೋರಿಸುತ್ತಿದ್ದುದನ್ನು ತಾನು ಕಂಡೆನೆನ್ನುತ್ತಾನೆ. ಪಾತ್ರೆಯನ್ನು ಕಂಡುದರಿಂದ ಕಥೆಯೆಲ್ಲವೂ ಸಿದ್ಧವಾಗದು; ೧೭೦ ವರ್ಷಗಳಿಗೂ ಹಿಂದಿನ ಬುರುಡೆಯು ಕುನಿಮುಂದನದೇ ಎಂಬುದಕ್ಕೆ ರಾಜಮನೆತನದ ಮಾತೇ ಆಧಾರ. ಆದರೂ ಯಾವ ಭಾಗವು ಕೇಳಿದುದು, ಯಾವ ಭಾಗವು ಕಂಡುದು ಎಂಬ ಗೆರೆಯನ್ನು ಪೌಲನೇ ಎಳೆದಿದ್ದಾನೆ. ಮೊಂಜಾ ಊರಿನಲ್ಲಿ ತೆಯೋದೆಲಿಂದೆಯು ಕಟ್ಟಿಸಿದ ಅರಮನೆಯ ಚಿತ್ರಗಳನ್ನು ಅವನು ಉಪಯೋಗಿಸಿಕೊಂಡ ಬಗೆಯೂ ಇಂಥದೇ. ಪೂರ್ವಿಕರು ಹಿಂದಲೆಯನ್ನು ಬೋಳಿಸಿ, ಮುಂಗೂದಲನ್ನು ಇಬ್ಭಾಗವಾಗಿ ಬಾಚಿ ಬಾಯಿಯವರೆಗೆ ಇಳಿಬಿಡುತ್ತಿದ್ದರೆಂದೂ, ಬಣ್ಣದ ಅಗಲವಾದ ಅಂಚುಗಳುಳ್ಳ ಸಡಿಲವಾದ ನಾರುಬಟ್ಟೆಯನ್ನು ಉಡುತ್ತಿದ್ದರೆಂದೂ ಆ ಚಿತ್ರಗಳನ್ನು ನೋಡಿ ನಿರ್ಣಯಿಸುತ್ತಾನೆ. ಗ್ರಂಥವಿಲ್ಲದ ಕಡೆ ಗೋಡೆಯನ್ನು ಓದುವ ಬುದ್ಧಿಯಿದು. ಆ ಅರಮನೆಯೂ ಚಿತ್ರಗಳೂ ಈಗ ಇಲ್ಲ; ಪೌಲನ ಕೆಲವು ಸಾಲುಗಳೇ ಅವುಗಳ ಜಾಗದಲ್ಲಿ ನಿಂತಿವೆ.

ಅವನ ಕಣ್ಣು ಎಷ್ಟು ನಂಬತಕ್ಕುದೆಂಬುದಕ್ಕೆ ಗಣಿತದಿಂದಲೇ ಒಂದು ಪರೀಕ್ಷೆಯನ್ನು ಮಾಡಬಹುದು. ಉತ್ತರದೇಶಗಳಲ್ಲಿ ಚಳಿಗಾಲದ ಹಗಲು ಕಿರಿದೆಂಬುದನ್ನು ವಿವರಿಸುತ್ತ, ಕ್ರಿಸ್ತಜಯಂತಿಯ ದಿನ ಮಧ್ಯಾಹ್ನದಲ್ಲಿ ಮನುಷ್ಯನ ನೆರಳು ಇಟಲಿಯಲ್ಲಿ ೯ ಅಡಿಯೆಂದು ಪ್ರಾಚೀನರು ಬರೆದಿರುವರೆಂದೂ, ತಾನು ಗಾಲ್ ದೇಶದ ತಿಯೋನ್‌ವಿಲ್ ಎಂಬ ಊರಿನಲ್ಲಿದ್ದಾಗ ತನ್ನ ನೆರಳನ್ನು ಅಳೆದರೆ ೧೯½ ಅಡಿಯಾಯಿತೆಂದೂ ಪೌಲನು ಹೇಳುತ್ತಾನೆ. ಆ ಊರು ಉತ್ತರ ಅಕ್ಷಾಂಶ ೪೯ ಡಿಗ್ರಿಯ ಮೇಲಿದೆ. ಮನುಷ್ಯನ ಎತ್ತರವನ್ನು ೬ ಅಡಿಯೆಂದಿಟ್ಟುಕೊಂಡು ಛಾಯಾಗಣಿತವನ್ನು ಮಾಡಿದರೆ, ಆ ದಿನದ ನಡುಹಗಲಿನ ನೆರಳು ಅಲ್ಲಿ ೧೯ ಅಡಿಗೆ ಸ್ವಲ್ಪ ಮೇಲೆ ಬರುತ್ತದೆ. ರೋಮಿನಲ್ಲಿ ಸುಮಾರು ೧೩ ಅಡಿ ಬರುತ್ತದೆ. ಹಳೆಯ ಪುಸ್ತಕದಿಂದ ಎತ್ತಿಕೊಂಡ ಸಂಖ್ಯೆಯು ತಪ್ಪು. ಸ್ವತಃ ಅಳೆದ ಸಂಖ್ಯೆಯು ಸರಿ. ಪೌಲನು ಎರಡನ್ನೂ ಕಲಸದೆ, ಇದು ಪ್ರಾಚೀನರದು, ಇದು ತನ್ನದು, ಎಂದು ಬೇರೆ ಬೇರೆಯಾಗಿ ಹೇಳಿದುದರಿಂದಲೇ ಇಂದು ಈ ಪರೀಕ್ಷೆಯು ಸಾಧ್ಯವಾಗಿದೆ. ಇಡೀ ಗ್ರಂಥವನ್ನು ತೂಗುವುದಕ್ಕೆ ಈ ಚಿಕ್ಕ ಸ್ಥಳವು ಒಳ್ಳೆಯ ತಕ್ಕಡಿ.

ಮೂರನೆಯದು ಐತಿಹ್ಯ. ಲೊಂಬಾರ್ಡರಿಗೆ ಆ ಹೆಸರು ಬಂದ ಕಥೆ ಹೀಗಿದೆ. ಅವರು ಹಿಂದೆ ವಿನ್ನಿಲರೆನ್ನಿಸಿಕೊಂಡಿದ್ದರು. ವಂದಲರೊಡನೆ ಯುದ್ಧವೊದಗಲು ವಂದಲರು ಗೋದಾನನೆಂಬ ದೇವನನ್ನು ಜಯಕ್ಕಾಗಿ ಬೇಡಿದರು. ಸೂರ್ಯೋದಯದಲ್ಲಿ ಮೊದಲು ತನ್ನ ಕಣ್ಣಿಗೆ ಬಿದ್ದವರಿಗೆ ಜಯವೆಂದು ಅವನು ನುಡಿದನು. ವಿನ್ನಿಲರ ಹಿರಿಯಳಾದ ಗಾಂಬರೆಯು ಗೋದಾನನ ಪತ್ನಿಯಾದ ಫ್ರೇಯಳನ್ನು ಮೊರೆಹೊಗಲು, ಹೆಂಗಸರು ತಮ್ಮ ತಲೆಗೂದಲನ್ನು ಮುಖದ ಮೇಲೆ ಗಡ್ಡದಂತೆ ಇಳಿಬಿಟ್ಟು ಗಂಡಸರ ಸಾಲಿನಲ್ಲಿ ನಿಲ್ಲಲೆಂದು ಆಕೆ ಉಪಾಯ ಹೇಳಿದಳು. ಬೆಳಗ್ಗೆ ಕಂಡ ದೇವನು ಈ ಉದ್ದಗಡ್ಡದವರು ಯಾರೆಂದು ಕೇಳಿದನು. ಹೆಸರಿಟ್ಟವನೇ ಜಯವನ್ನೂ ಕೊಡಬೇಕೆಂದು ಫ್ರೇಯಳು ಹಿಡಿದುಕೊಂಡಳು. ಮೂಲಕೃತಿಯು ಈ ಕಥೆಯನ್ನು ಯಾವ ಟೀಕೆಯೂ ಇಲ್ಲದೆ ಹೇಳುತ್ತದೆ. ಪೌಲನು ಮಾತ್ರ ಮೊದಲೇ ಇದು ನಗೆಗೀಡಾದ ಕಥೆಯೆಂದು ಹೇಳಿ, ಅನಂತರ ಕಥೆಯನ್ನು ಪೂರ್ತಿಯಾಗಿ ಬರೆದು, ಕೊನೆಯಲ್ಲಿ ಇದಕ್ಕೆ ಬೆಲೆಯಿಲ್ಲವೆಂದು ಮತ್ತೊಮ್ಮೆ ಎಚ್ಚರಿಸುತ್ತಾನೆ; ಬಳಿಕ ಕತ್ತರಿ ಮುಟ್ಟಿಸದ ಉದ್ದಗಡ್ಡದಿಂದಲೇ ಆ ಹೆಸರು ಬಂದಿತೆಂಬ ಶಬ್ದವ್ಯುತ್ಪತ್ತಿಯನ್ನು ಕೊಡುತ್ತಾನೆ. ಕ್ರೈಸ್ತ ಸನ್ಯಾಸಿಯಾದವನು ಆ ಅನ್ಯದೇವತೆಗಳ ಕಥೆಯನ್ನು ಅಳಿಸಿಬಿಟ್ಟಿದ್ದರೆ ಅವನ ಮಠದಲ್ಲಿ ಕೇಳುವವರಿರಲಿಲ್ಲ. ತನ್ನ ನಂಬಿಕೆಯನ್ನು ಅಡಗಿಸದೆಯೂ ಹಿರಿಯರ ಮಾತನ್ನು ಕೆಡಿಸದೆಯೂ ಅವನು ಎರಡನ್ನೂ ಉಳಿಸಿಕೊಂಡನು.

ಔತಾರಿಯು ಇಟಲಿಯ ದಕ್ಷಿಣದ ತುದಿಯವರೆಗೆ ಹೋಗಿ, ರೆಜ್ಜೋ ಊರಿನ ಬಳಿ ಸಮುದ್ರದೊಳಗೆ ನಿಂತಿದ್ದ ಕಂಬವೊಂದನ್ನು ಈಟಿಯಿಂದ ಮುಟ್ಟಿ, ಲೊಂಬಾರ್ಡರ ಎಲ್ಲೆ ಇಲ್ಲಿಯವರೆಗೆಂದು ಸಾರಿದನೆಂಬ ಸಂಗತಿಯನ್ನು ಹೇಳುವಲ್ಲಿಯೂ, ಇದು ಜನರ ವದಂತಿಯೆಂಬ ಮಾತನ್ನು ಪೌಲನು ಬಿಡುವುದಿಲ್ಲ. ತನ್ನ ಮನೆಯ ಕಥೆಯೊಂದನ್ನು ಮಾತ್ರ ಅವನು ಸಂಶಯದ ಸೋಂಕಿಲ್ಲದೆ ಹೇಳುತ್ತಾನೆ. ಸುಮಾರು ಕ್ರಿ. ಶ. ೬೧೦ರಲ್ಲಿ ಅವಾರರು ಫ್ರಿಯೂಲಿಯನ್ನು ಸುಲಿದು, ಅವನ ಮನೆತನದ ಐವರು ಎಳೆಯ ಸೋದರರನ್ನು ಸೆರೆಯೊಯ್ದರು. ಅವರಲ್ಲಿ ಲೋಪಿಕಿಸನೆಂಬವನು ಬೆಳೆದ ಮೇಲೆ ಬಿಲ್ಲು ಬತ್ತಳಿಕೆಗಳೊಡನೆ ತಪ್ಪಿಸಿಕೊಂಡು ಹೊರಟನು. ತೋಳವೊಂದು ದಾರಿ ತೋರಿಸಿತು. ಹಸಿವಿನಿಂದ ಅವನು ಅದನ್ನೇ ಕೊಲ್ಲಹೊರಡಲು ಅದು ಮಾಯವಾಯಿತು. ಸ್ಲಾವರ ಹಳ್ಳಿಯ ಮುದುಕಿಯೊಬ್ಬಳು ಅವನನ್ನು ಅಡಗಿಸಿಟ್ಟು, ಒಮ್ಮೆಲೇ ತಿಂದು ಸಾಯದಂತೆ ಸ್ವಲ್ಪ ಸ್ವಲ್ಪವಾಗಿ ಉಣಿಸಿ ಬದುಕಿಸಿದಳು. ತವರೂರನ್ನು ಸೇರಿದಾಗ ತಂದೆಯ ಮನೆಗೆ ಮಾಡಿರಲಿಲ್ಲ. ಒಳಗೆಲ್ಲ ಮುಳ್ಳುಕಂಟಿ ಬೆಳೆದು, ಗೋಡೆಗಳ ನಡುವೆ ದೊಡ್ಡ ಮರವೊಂದು ನಿಂತಿತ್ತು. ಅವನು ಪೊದೆಯನ್ನು ಕಡಿದು ತನ್ನ ಬತ್ತಳಿಕೆಯನ್ನು ಆ ಮರಕ್ಕೆ ತೂಗುಹಾಕಿದನು. ಈ ಲೋಪಿಕಿಸನು ಪೌಲನಿಗೆ ಮುತ್ತಜ್ಜನು. ೬೧೦ರಲ್ಲಿ ಬಾಲಕನಾಗಿದ್ದವನಿಗೂ ೭೨೦ರ ಈಚೆ ಹುಟ್ಟಿದವನಿಗೂ ನಡುವೆ ಎರಡೇ ತಲೆಗಳನ್ನು ಹೇಳಿರುವುದು ಸಂದೇಹಕ್ಕೆ ಎಡೆಗೊಡುತ್ತದೆ. ಒಂದು ತಲೆಯು ಜಾರಿಹೋಗಿರಬಹುದು. ಆದರೆ ತೋಳವನ್ನು ನಂಬದವನೂ ಮಾಡಿಲ್ಲದ ಆ ಮನೆಯನ್ನೂ ಅಳತೆಯಿಂದ ಅನ್ನವಿಕ್ಕಿದ ಮುದುಕಿಯನ್ನೂ ನಂಬದಿರಲಾರನು. ಅವಾರರ ದಾಳಿಯಿಂದ ಒಂದು ಸಂಸಾರಕ್ಕಾದ ಗತಿಯನ್ನು ಯಾವ ರಾಜಶಾಸನವೂ ಇಷ್ಟು ನಿಚ್ಚಳವಾಗಿ ತಿಳಿಸದು.

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. ಪೌಲನು ತೂರಿನ ಗ್ರೆಗೊರಿಯಿಂದಲೂ, ಇಂಗ್ಲೆಂಡಿನ ಬೀಡನಿಂದಲೂ, ಪೋಪರ ಚರಿತ್ರಾವಳಿಯಿಂದಲೂ ಧಾರಾಳವಾಗಿ ಎತ್ತಿಕೊಂಡಿದ್ದಾನೆ. ಬಹುಕಡೆ ಮೂಲದ ಹೆಸರಿಲ್ಲ. ಕಾಲನಿರ್ಣಯದಲ್ಲಿ ಅವನು ತೀರ ಸಡಿಲನು. ‘ಈ ಸುಮಾರಿನಲ್ಲಿ’, ‘ಈ ದಿನಗಳಲ್ಲಿ’ ಎಂಬ ಮಾತುಗಳಿಂದ ಬೇರೆ ಬೇರೆ ಗ್ರಂಥಗಳ ಸಂಗತಿಗಳನ್ನು ಹೊಲಿದುಬಿಡುತ್ತಾನೆ. ಇದರಿಂದ ತನ್ನ ಮಠದ ಚರಿತ್ರೆಯಲ್ಲಿಯೇ ಎಡವಿದನು. ಲೊಂಬಾರ್ಡರು ರಾತ್ರಿಯ ವೇಳೆ ಮೊಂಟೆ ಕಸ್ಸೀನೊ ಮಠಕ್ಕೆ ನುಗ್ಗಿ ಹಾಳುಮಾಡಿದ ಸಂಗತಿಯನ್ನು ನಾಲ್ಕನೆಯ ಕಾಂಡದಲ್ಲಿ, ಕ್ರಿ. ಶ. ೬೦೦ರ ಆಸುಪಾಸಿನ ವೃತ್ತಾಂತಗಳ ನಡುವೆ ಇಟ್ಟಿದ್ದಾನೆ. ಪೋಪ್ ಗ್ರೆಗೊರಿಯು ೫೯೩-೯೪ರಲ್ಲಿ ಬರೆದ ಸಂವಾದಗ್ರಂಥದಲ್ಲಿಯೇ ಅದು ಹಿಂದೆ ನಡೆದುಹೋದ ಸಂಗತಿಯೆಂದು ಬಂದಿದೆ. ಆ ಗ್ರಂಥವು ಪೌಲನಿಗೆ ಚೆನ್ನಾಗಿ ಪರಿಚಿತವಾದುದು. ಔತಾರಿಯ ಆಳಿಕೆಯಲ್ಲಿ ಕಳ್ಳತನವಿರಲಿಲ್ಲ, ಬಲಾತ್ಕಾರವಿರಲಿಲ್ಲ, ಎಲ್ಲರೂ ನಿರ್ಭಯರಾಗಿ ಓಡಾಡುತ್ತಿದ್ದರು, ಎಂಬ ವರ್ಣನೆಗೆ ಆಧಾರವನ್ನು ಅವನು ಹೇಳಿಲ್ಲ. ಹತ್ತು ವರ್ಷ ನಾಯಕರ ಸುಲಿಗೆಯನ್ನು ಉಂಡ ನಾಡಿಗೆ ಹಾಗೆ ಒಮ್ಮೆಲೇ ರಾಮರಾಜ್ಯವು ಬಂದಿತೆಂದು ಒಪ್ಪುವುದು ಕಷ್ಟ.

ಇಷ್ಟೆಲ್ಲ ಆದಮೇಲೆ ಎಲ್ಲಕ್ಕೂ ದೊಡ್ಡ ಪ್ರಶ್ನೆಯು ಉಳಿಯುತ್ತದೆ. ಪೌಲನ ಇತಿಹಾಸವು ಕ್ರಿ. ಶ. ೭೪೪ರಲ್ಲಿ ಲಿಯೂತ್‌ಪ್ರಾಂದ್ ರಾಜನ ಮರಣದೊಡನೆ ನಿಲ್ಲುತ್ತದೆ. ಮುಂದಿನ ೩೦ ವರ್ಷಗಳು, ಅವನು ಕಣ್ಣಾರೆ ಕಂಡ ಆಸ್ಥಾನ, ಅವನು ಬಲ್ಲ ರಾಜರು, ರಾಜ್ಯದ ಪತನ, ಒಂದೂ ಇಲ್ಲ. ಏಕೆ? ಒಂಬತ್ತನೆಯ ಶತಮಾನದ ಕೊನೆಯಲ್ಲಿ ಅದೇ ಮಠದ ಸನ್ಯಾಸಿಯಾದ ಎರ್ಕೆಂಪೆರ್ಟನು ಇದಕ್ಕೆ ಉತ್ತರವನ್ನು ಕೊಟ್ಟನು: ಲೊಂಬಾರ್ಡರ ರಾಜ್ಯವು ಅಲ್ಲಿಗೆ ಮುಗಿಯಿತು, ತನ್ನ ಕುಲವನ್ನು ಕುರಿತು ಬರೆಯುವ ಇತಿಹಾಸಕಾರನು ಕೀರ್ತಿಯನ್ನು ಹೆಚ್ಚಿಸುವ ಸಂಗತಿಗಳನ್ನು ಮಾತ್ರ ಹೇಳುವುದು ವಾಡಿಕೆ. ಈ ಉತ್ತರವು ಹಿತವಾಗಿದೆ. ಆದರೆ ಗ್ರಂಥದ ಒಳಗಿನ ಸಾಕ್ಷ್ಯಕ್ಕೆ ಹೊಂದುವುದಿಲ್ಲ.

ಪೌಲನು ತನ್ನ ಕುಲದ ಅಪಕೀರ್ತಿಯನ್ನು 어디ಯೂ ಮುಚ್ಚಿಟ್ಟವನಲ್ಲ. ಅಲ್ಬೋಯಿನನ ಕ್ರೌರ್ಯವನ್ನೂ, ನಾಯಕರ ಲೋಭದಿಂದ ರೋಮನ್ ಕುಲೀನರು ಸತ್ತುದನ್ನೂ, ಲೊಂಬಾರ್ಡರೇ ತನ್ನ ಮಠವನ್ನು ಹಾಳುಮಾಡಿದುದನ್ನೂ ಅವನು ಬರೆದನು. ಅವನ ತವರಾದ ಫ್ರಿಯೂಲಿಯ ಫೆರ್ದುಲ್ಫನ ಕಥೆಯನ್ನು ನೋಡಬಹುದು. ಜಂಬದ ನಾಲಗೆಯ ಆ ನಾಯಕನು, ಕುರಿಗಳ್ಳರನ್ನು ಹಿಡಿಯಲಾರದೆ ಮರಳಿದ ಅರ್ಗಾಯಿತನೆಂಬ ಅಧಿಕಾರಿಯನ್ನು, ಅವನ ಹೆಸರಿನಲ್ಲಿಯೇ ‘ಅರ್ಗ’, ಎಂದರೆ ಹೇಡಿ, ಎಂಬ ಶಬ್ದವಿದೆಯೆಂದು ಹಂಗಿಸಿದನು. ಸ್ಲಾವರ ಸೇನೆಯು ಬೆಟ್ಟದ ಮೇಲೆ ಬೀಡುಬಿಟ್ಟಾಗ, ಅಪಮಾನವನ್ನು ಮರೆಯದ ಅರ್ಗಾಯಿತನು ಆ ಮಾತನ್ನು ನೆನಪಿಸಿ, ಕಡಿದಾದ ಕಡೆಯಿಂದಲೇ ಕುದುರೆಯನ್ನು ಹತ್ತಿಸಿದನು. ಹಿಂದುಳಿಯಲು ನಾಚಿದ ಫೆರ್ದುಲ್ಫನೂ ಸೇನೆಯೂ ಹಿಂಬಾಲಿಸಿದರು. ಮೇಲಿನಿಂದ ಉರುಳಿದ ಕಲ್ಲುಗಳಿಗೆ ಫ್ರಿಯೂಲಿಯ ಕುಲೀನರೆಲ್ಲ ಬಲಿಯಾದರು. ‘ಅರ್ಗ’ ಎಂಬ ಬೈಗುಳಕ್ಕೆ ರೋತಾರಿಯ ಶಾಸನದಲ್ಲಿ ದಂಡವಿರುವುದರಿಂದ ಕಥೆಯ ಮೂಲಕ್ಕೆ ಪುಷ್ಟಿಯೂ ದೊರೆಯುತ್ತದೆ. ಇಂಥ ಸೋಲನ್ನೂ ಅದಕ್ಕೆ ಕಾರಣವಾದ ಮೂರ್ಖತನವನ್ನೂ ವಿಸ್ತರಿಸಿ ಬರೆದವನು ಕೀರ್ತಿಗಾಗಿ ಮಾತ್ರ ಬರೆದನೆನ್ನುವುದು ಹೇಗೆ?

ಇನ್ನೊಂದು ಸಾಕ್ಷ್ಯವು ಗ್ರಂಥದ ಕೊನೆಯಲ್ಲಿಯೇ ಇದೆ. ಪವೀಯಾ ನಗರದ ಬಿಷಪನೊಬ್ಬನನ್ನು ಹೆಸರಿಸಿ, ಮುಂದಿನ ಕಾಲದಲ್ಲಿ ನಡೆದ ಅವನ ಮಹಿಮೆಯೊಂದನ್ನು ತಕ್ಕ ಸ್ಥಳದಲ್ಲಿ ಹೇಳುವುದಾಗಿ ಪೌಲನು ಮಾತುಕೊಡುತ್ತಾನೆ. ಆ ತಕ್ಕ ಸ್ಥಳವು ಬರುವುದೇ ಇಲ್ಲ. ಕೆಲವು ಸಾಲುಗಳೊಳಗೆ ಗ್ರಂಥವು ಮುಗಿಯುತ್ತದೆ. ಮುಂದುವರಿಸುವ ಸಂಕಲ್ಪವು ಅವನಿಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರವು ಬೇಕಿಲ್ಲ. ವಾರ್ಧಕ್ಯವೋ ಮರಣವೋ ಅವನ ಕೈಯನ್ನು ತಡೆದಿರಬೇಕೆಂಬ ಪಕ್ಷವು ಆದುದರಿಂದ ಎರ್ಕೆಂಪೆರ್ಟನ ಪಕ್ಷಕ್ಕಿಂತ ಬಲವಾದುದು. ಹಾಗಿದ್ದರೂ ಅವನು ಕೊನೆಗೆ ಬರೆದ ಮಾತನ್ನು ಓದಿದವರಿಗೆ ಮನಸ್ಸು ಒಂದು ಕ್ಷಣ ನಿಲ್ಲದಿರದು: ಲಿಯೂತ್‌ಪ್ರಾಂದನು ಫ್ರಾಂಕರೊಡನೆಯೂ ಅವಾರರೊಡನೆಯೂ ಶಾಂತಿಯನ್ನು ಕಾಪಾಡಲು ಸದಾ ಬಹಳ ಎಚ್ಚರವಹಿಸಿದನೆಂಬುದು ಅದರ ತಾತ್ಪರ್ಯ. ಮುತ್ತಜ್ಜನ ಮನೆಯನ್ನು ಅವಾರರು ಹಾಳುಮಾಡಿದ್ದರು. ಫ್ರಾಂಕರಿಂದ ಆದುದು ಅವನ ಸ್ವಂತ ಅನುಭವ. ಕ್ರಿ. ಶ. ೭೭೬ರಲ್ಲಿ ಫ್ರಿಯೂಲಿಯವರು ಷಾರ್ಲಮೇನನ ವಿರುದ್ಧವಾಗಿ ದಂಗೆಯೆದ್ದು ಸೋತ ಮೇಲೆ ಪೌಲನ ತಮ್ಮನಾದ ಅರಿಕಿಸನು ಸೆರೆಗೆ ಬಿದ್ದನು, ಆಸ್ತಿಯು ಹೋಯಿತು. ಆರು ವರ್ಷಗಳ ಮೇಲೆ ಪೌಲನು ಷಾರ್ಲಮೇನನಿಗೆ ಪದ್ಯರೂಪವಾದ ಬಿನ್ನಹವನ್ನು ಬರೆದು, ತಮ್ಮನ ಹೆಂಡತಿಯು ನಾಲ್ಕು ಮಕ್ಕಳೊಡನೆ ಬೀದಿಯಲ್ಲಿ ತಿರಿದುಣ್ಣುತ್ತಿರುವಳೆಂದು ಮೊರೆಯಿಟ್ಟನು. ಅರಸನ ಆಸ್ಥಾನದಲ್ಲಿ ಕೆಲವು ವರ್ಷ ವಿದ್ವಾಂಸನಾಗಿ ಸೇವೆಮಾಡಿ, ಅವನ ಅಪೇಕ್ಷೆಯಂತೆ ಧರ್ಮೋಪನ್ಯಾಸಗಳ ಸಂಗ್ರಹವೊಂದನ್ನು ಸಿದ್ಧಪಡಿಸಿದನು. ಇವುಗಳಲ್ಲಿ ಒಂದೂ ಇತಿಹಾಸಗ್ರಂಥದ ಒಳಗೆ ಬರಲಿಲ್ಲ. ಮುತ್ತಜ್ಜನ ಸೆರೆಯನ್ನು ವಿಸ್ತಾರವಾಗಿ ಬರೆದವನು, ತಮ್ಮನ ಸೆರೆಯನ್ನು ಬರೆಯುವ ಕಾಲಕ್ಕೆ ಬರುವ ಮೊದಲೇ ಲೇಖನಿಯು ನಿಂತಿತು.

ಹೀಗೆ ನೋಡಿದರೆ ಪೌಲನ ಸ್ಥಾನವನ್ನು ನಿರ್ಣಯಿಸುವುದು ಕಷ್ಟವಲ್ಲ. ತಾರೀಖಿಗಾಗಿ ಅವನನ್ನು ನಂಬುವವನು ಮೋಸಹೋದಾನು. ಅವನ ಪಕ್ಕದಲ್ಲಿ ಇತರ ಗ್ರಂಥಗಳನ್ನು ಇಟ್ಟುಕೊಂಡೇ ಓದಬೇಕು. ಆದರೆ ಕೇಳಿದುದನ್ನು ಕೇಳಿದುದಾಗಿಯೂ, ಕಂಡುದನ್ನು ಕಂಡುದಾಗಿಯೂ, ನಗತಕ್ಕುದನ್ನು ನಗುತ್ತಲೂ ಬರೆದುದರಿಂದ, ಅವನನ್ನು ತಿದ್ದಲು ಬೇಕಾದ ಸಲಕರಣೆಯನ್ನೂ ಅವನೇ ಓದುಗನ ಕೈಗೆ ಕೊಟ್ಟಿದ್ದಾನೆ. ಸಂದೇಹವಿರುವ ಕಥೆಗಳನ್ನೆಲ್ಲ ಕಿತ್ತೊಗೆದು ನಿಶ್ಚಿತವಾದುದನ್ನು ಮಾತ್ರ ಉಳಿಸುವ ಇತಿಹಾಸಕಾರನು ಅವನ ಜಾಗದಲ್ಲಿ ಇದ್ದಿದ್ದರೆ, ಲೊಂಬಾರ್ಡರ ವಿಷಯದಲ್ಲಿ ರಾಜರ ಹೆಸರುಗಳೂ ಆಳಿದ ವರ್ಷಗಳೂ ಹೊರತು ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಫೌಕ್ ಎಂಬ ಅಮೆರಿಕದ ವಿದ್ವಾಂಸನು ೧೯೦೭ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವು ವಿಸ್ತಾರವಾದ ಟಿಪ್ಪಣಿಗಳೊಡನೆ ದೊರೆಯುತ್ತದೆ. ಇಂಗ್ಲಿಷನ್ನು ಬಲ್ಲ ವಾಚಕರು ಅದನ್ನು ನೋಡಬಹುದು. ಲೋಪಿಕಿಸನ ಕಥೆ, ಫೆರ್ದುಲ್ಫನ ಕಥೆ, ಮೊಂಜಾ ಅರಮನೆಯ ಚಿತ್ರಗಳು, ಇಂಥ ಕೆಲವು ಪ್ರಕರಣಗಳನ್ನಾದರೂ ಸಮರ್ಥರಾದವರು ಕನ್ನಡಿಸಿದರೆ ಮನೆಮಂದಿಯೆಲ್ಲ ಕೂಡಿ ಓದುವುದಕ್ಕೆ ಒಳ್ಳೆಯ ಪುಸ್ತಕವಾದೀತು.